ಜರ್ಮನಿಗೆ ಸಂಸಾರ ಸಮೇತ: ಮೊದಲ ಮೂರು ತಿಂಗಳ ದುಡ್ಡು



ಜರ್ಮನಿಯ ಕೆಲಸಕ್ಕೆ ಸೇರಲು ಹೊರಟವರೆಲ್ಲ ಎಕ್ಸೆಲ್ ಶೀಟ್ ತೆರೆದು ಕೂತಿರುತ್ತಾರೆ. ಬೆಂಗಳೂರಿನಿಂದ ಹೊರಡುವವರ ಶೀಟುಗಳು ಹೆಚ್ಚುಕಡಿಮೆ ಒಂದೇ ಥರ: ಮೇಲೆ ಸಂಬಳ, ಕೆಳಗೆ ಬಾಡಿಗೆ, ದಿನಸಿ, ಮಗುವಿನ ಖರ್ಚು, ಕೊನೆಯಲ್ಲಿ ಉಳಿತಾಯ. ಲೆಕ್ಕದಲ್ಲಿ ತಪ್ಪಿರುವುದಿಲ್ಲ. ಆದರೆ ಯಾವ ಸಾಲಿನ ಮುಂದೆಯೂ ತಾರೀಖು ಇರುವುದಿಲ್ಲ. ಅಲ್ಲಿ ಮನೆಯ ಠೇವಣಿ ಸಂಬಳ ಬರುವ ಮೊದಲೇ ಹೋಗುತ್ತದೆ, ಮಕ್ಕಳ ಭತ್ಯೆ ತಿಂಗಳುಗಟ್ಟಲೆ ತಡವಾಗಿ ಬರುತ್ತದೆ, ಬದಲಾಗಬೇಕಾದ ತೆರಿಗೆ ವರ್ಗ ಯಾವುದೋ ಒಂದು ಕಾಗದಕ್ಕೆ ಕಾಯುತ್ತಿರುತ್ತದೆ. ವರ್ಷದ ಲೆಕ್ಕ ಲಾಭದಲ್ಲಿದ್ದರೂ ಎರಡನೇ ತಿಂಗಳು ಕೈ ಖಾಲಿಯಾಗುವುದು ಹೀಗೆ.

ಉದಾಹರಣೆಗೆ ಒಂದು ಸಂಸಾರ ಹಿಡಿದುಕೊಳ್ಳೋಣ. ಗಂಡ, ಹೆಂಡತಿ, ನಾಲ್ಕು ವರ್ಷದ ಮಗು. ಒಬ್ಬರಿಗೇ ಕೆಲಸ, ಬ್ಲೂ ಕಾರ್ಡ್ (ಓದಿದ, ನುರಿತ ಕೆಲಸಗಾರರಿಗೆ ಕೊಡುವ ವಾಸದ ಪರವಾನಗಿ), ವರ್ಷಕ್ಕೆ 60,000 ಯೂರೋ. ಊರು ಸ್ಟುಟ್‌ಗಾರ್ಟ್‌ನಂಥದ್ದು; ಮ್ಯೂನಿಕ್ ಆದರೆ ಬಾಡಿಗೆಗೆ ಇನ್ನೂ ಸೇರಿಸಿಕೊಳ್ಳಿ. ಯೂರೋ ಈಗ ನೂರು ರೂಪಾಯಿ ದಾಟಿದೆ, ಹಾಗಾಗಿ ಮನೆಯವರೆಲ್ಲ ಇದನ್ನು ಅರವತ್ತು ಲಕ್ಷ ಅನ್ನುತ್ತಾರೆ. ಆ ಗುಣಾಕಾರವನ್ನು ನೆಂಟರಿಗೆ ಬಿಟ್ಟುಬಿಡಿ. ಖರ್ಚು ಯೂರೋದಲ್ಲಿ ಆಗುವಾಗ ಸಂಬಳವನ್ನು ರೂಪಾಯಿಯಲ್ಲಿ ನೋಡಿ ಪ್ರಯೋಜನವಿಲ್ಲ.

ತಿಂಗಳಿಗೆ 5,000 ಯೂರೋ. 2025ರ ದರದಲ್ಲಿ ಲೆಕ್ಕ ಹಾಕಿದರೆ ಪಿಂಚಣಿಗೆ 9.3%, ಆರೋಗ್ಯ ವಿಮೆಗೆ ಸುಮಾರು 8.55%, ನಿರುದ್ಯೋಗ ವಿಮೆಗೆ 1.3%, ಆರೈಕೆ ವಿಮೆಗೆ (ವಯಸ್ಸಾಗಿ, ಕಾಯಿಲೆ ಬಿದ್ದು ಇನ್ನೊಬ್ಬರ ಆರೈಕೆ ಬೇಕಾದಾಗಿನದು) 1.8% ಹೋಗುತ್ತದೆ. ಒಟ್ಟು 1,050ರ ಹತ್ತಿರ. ಮಗುವಿನ ಜನನ ಪ್ರಮಾಣಪತ್ರವನ್ನು ಕಂಪನಿಯ ಪೇರೋಲ್‌ಗೆ ಕೊಡದಿದ್ದರೆ ಆರೈಕೆ ವಿಮೆ 1.8ರ ಬದಲು 2.4% ಮುರಿಯುತ್ತದೆ, ಅಂದರೆ ತಿಂಗಳಿಗೆ 30 ಯೂರೋ. ಸಣ್ಣ ಮೊತ್ತ, ಆದರೆ ಕೇಳದೆ ಯಾರೂ ಸರಿ ಮಾಡಿಕೊಡುವುದಿಲ್ಲ.

ಮಿಕ್ಕಿದ್ದು ಆದಾಯ ತೆರಿಗೆ. ಇಲ್ಲಿ ಷ್ಟಾಯರ್‌ಕ್ಲಾಸೆ ಎನ್ನುವ ತೆರಿಗೆ ವರ್ಗದ ಮೇಲೆ ಎಲ್ಲ ನಿಂತಿದೆ. 2025ರ ಲೆಕ್ಕದಲ್ಲಿ ಮೂರನೇ ವರ್ಗದಲ್ಲಿ ತಿಂಗಳ ತೆರಿಗೆ ಸುಮಾರು 425, ನಾಲ್ಕನೇ ವರ್ಗದಲ್ಲಿ ಸುಮಾರು 807. ಕೈಗೆ ಬರುವುದು ಒಂದರಲ್ಲಿ 3,525, ಇನ್ನೊಂದರಲ್ಲಿ 3,145. ದಂಪತಿ ಇಬ್ಬರೂ ಜರ್ಮನಿಯಲ್ಲಿ ವಿಳಾಸ ನೋಂದಾಯಿಸಿದ ಮೇಲೆ ತಾನಾಗಿ ಸಿಗುವುದು ಇಬ್ಬರಿಗೂ ನಾಲ್ಕನೇ ವರ್ಗ. ದುಡಿಯುವವರಿಗೆ ಮೂರು, ಇನ್ನೊಬ್ಬರಿಗೆ ಐದು ಬೇಕೆಂದು ತೆರಿಗೆ ಕಚೇರಿಗೆ ಅರ್ಜಿ ಹಾಕಬೇಕು, ಅದು ಮುಂದಿನ ತಿಂಗಳಿಂದ ಜಾರಿಗೆ ಬರುತ್ತದೆ. ಹೆಂಡತಿ ಇನ್ನೂ ಬೆಂಗಳೂರಿನಲ್ಲೇ ಇದ್ದರೆ ಮೂರನೇ ವರ್ಗ ಸಿಗುವುದೇ ಇಲ್ಲ, ಮದುವೆಯಾಗಿದ್ದರೂ ಒಂದನೇ ವರ್ಗವೇ. ನಾಲ್ಕರಲ್ಲಿ ಹೆಚ್ಚಾಗಿ ಕಟ್ಟಿದ್ದು ವರ್ಷದ ರಿಟರ್ನ್ ಹಾಕಿದಾಗ ವಾಪಸ್ ಬರುತ್ತದೆ. ಆದರೆ ಮುಂದಿನ ವರ್ಷ ಬರುವ ದುಡ್ಡಿನಲ್ಲಿ ಈ ತಿಂಗಳ ಬಾಡಿಗೆ ಕಟ್ಟಲಾಗುವುದಿಲ್ಲವಲ್ಲ.

ಈಗ ತಿಂಗಳ ಖರ್ಚು. ಬೆಚ್ಚಗಿನ ಬಾಡಿಗೆ (ನೀರು, ಹೀಟಿಂಗ್ ಸೇರಿದ್ದು) 1,500, ಕರೆಂಟು 90, ಇಂಟರ್ನೆಟ್ ಮತ್ತು ಎರಡು ಮೊಬೈಲ್ 60, ರೇಡಿಯೋ-ಟಿವಿ ಶುಲ್ಕ 18, ದಿನಸಿ 550, ಎರಡು ಡಾಯ್ಚ್‌ಲಂಡ್ ಟಿಕೆಟ್ (ಬಸ್ಸು, ಲೋಕಲ್ ರೈಲಿನ ತಿಂಗಳ ಪಾಸ್) 126, ಕಿಟಾ ಅನ್ನುವ ಶಿಶುವಿಹಾರ ಮತ್ತು ಅಲ್ಲಿನ ಊಟ 250, ಹೊಣೆಗಾರಿಕೆ ವಿಮೆ ಇತ್ಯಾದಿ 15, ಬಟ್ಟೆ-ಔಷಧಿ 120. ಊರಿನ ಮನೆ ಸಾಲದ ಇಎಂಐ ನಲವತ್ತು ಸಾವಿರ ಅಂದರೆ 400. ಇದೆಲ್ಲ 3,129. ವರ್ಷಕ್ಕೊಮ್ಮೆ ಊರಿಗೆ ಬರುವ ಮೂರು ಟಿಕೆಟಿಗೆ ತಿಂಗಳಿಗೆ 225 ಎತ್ತಿಡಬೇಕು, ವರ್ಷಾಂತ್ಯದ ಮನೆ ಬಿಲ್ಲಿಗೆ 50. ಮಕ್ಕಳ ಭತ್ಯೆ ಕಿಂಡರ್‌ಗೆಲ್ಡ್ 2025ರಲ್ಲಿ 255 ಬರುತ್ತಿತ್ತು, 2026ರ ಜನವರಿಯಿಂದ 259. ಮೂರನೇ ವರ್ಗದಲ್ಲಿ ತಿಂಗಳ ಕೊನೆಗೆ ಉಳಿಯುವುದು ಸುಮಾರು 375. ನಾಲ್ಕನೇ ವರ್ಗದಲ್ಲಿ? ಸೊನ್ನೆ.

ಹಾಗಾಗಿ ತೆರಿಗೆ ವರ್ಗದ ಕಾಗದ ಕರಿಬೇವಿನ ಬೆಲೆಗಿಂತ ದೊಡ್ಡ ವಿಷಯ. ಕರಿಬೇವು ಅಲ್ಲಿ ಒಂದು ಹಿಡಿಗೆ ಒಂದೂವರೆ-ಎರಡು ಯೂರೋ, ಒಗ್ಗರಣೆ ಹಾಕುವವರ ಹೊಟ್ಟೆ ಉರಿಯುವುದು ಸಹಜ, ಆದರೆ ಬಜೆಟ್ ಮುಳುಗುವುದು ಅದರಿಂದಲ್ಲ.

ಬಾಡಿಗೆಯ ಬಗ್ಗೆ ಎರಡು ಮಾತು. ಜಾಹೀರಾತಿನ ದೊಡ್ಡ ಅಂಕಿ ಸಾಮಾನ್ಯವಾಗಿ ಕಾಲ್ಟ್‌ಮೀಟೆ, ಅಂದರೆ ಬರೀ ಗೋಡೆಯ ಬಾಡಿಗೆ. ಅದಕ್ಕೆ ನೀರು, ಕಸ, ಮೆಟ್ಟಿಲು ಗುಡಿಸುವುದು, ಬಹುಪಾಲು ಮನೆಗಳಲ್ಲಿ ಹೀಟಿಂಗ್ ಕೂಡ ಸೇರಿದರೆ ವಾರ್ಮ್‌ಮೀಟೆ, ಮೇಲೆ ಬೆಚ್ಚಗಿನ ಬಾಡಿಗೆ ಎಂದದ್ದು ಇದನ್ನೇ. ಕರೆಂಟು ಇದರಲ್ಲಿ ಇಲ್ಲ, ಅದಕ್ಕೆ ನೀವೇ ಬೇರೆ ಒಪ್ಪಂದ ಮಾಡಿಕೊಳ್ಳಬೇಕು. ಹೀಟಿಂಗ್, ನೀರಿಗೆ ಪ್ರತಿ ತಿಂಗಳು ಕಟ್ಟುವುದು ಅಂದಾಜು ಮಾತ್ರ. ಲೆಕ್ಕದ ವರ್ಷ ಮುಗಿದ ಮೇಲೆ 12 ತಿಂಗಳೊಳಗೆ ಯಾವಾಗಲಾದರೂ ಮನೆ ಮಾಲೀಕರು ನಿಜವಾದ ಬಿಲ್ ಕಳಿಸಬಹುದು. ಮೊದಲ ಚಳಿಗಾಲ ಬೆಂಗಳೂರಿನವರು ಎಲ್ಲ ರೂಮಿನ ಹೀಟರನ್ನೂ ಐದಕ್ಕೆ, ಅಂದರೆ ಪೂರ್ತಿಗೆ ತಿರುಗಿಸಿ, ಮೇಲೆ ಕಿಟಕಿಯನ್ನೂ ಸ್ವಲ್ಪ ಓರೆಯಾಗಿ ತೆರೆದಿಡುತ್ತಾರೆ. ಅದರ ಬಿಲ್ಲು ಒಂದು ವರ್ಷ ಕಳೆದು ಬರುತ್ತದೆ.

ಇನ್ನೊಂದು, ರೂಮಿನ ಎಣಿಕೆ. ಜರ್ಮನಿಯಲ್ಲಿ ಎರಡು ಝಿಮ್ಮರ್ ಮನೆ ಅಂದರೆ ನಮ್ಮ ಎರಡು ಬೆಡ್‌ರೂಮಿನ ಮನೆ ಅಲ್ಲ, ಒಂದು ಹಾಲ್ ಮತ್ತು ಒಂದೇ ಬೆಡ್‌ರೂಮ್. ಅಡುಗೆಮನೆ, ಬಚ್ಚಲು ಲೆಕ್ಕಕ್ಕಿಲ್ಲ. ನಮ್ಮ ಟೂ ಬಿಎಚ್‌ಕೆ ಬೇಕಾದರೆ ಮೂರು ಝಿಮ್ಮರ್ ಎಂದು ಹುಡುಕಬೇಕು. ಎರಡು ಝಿಮ್ಮರಿನ ಬಾಡಿಗೆ ನೋಡಿ ಮಾಡಿದ ಬಜೆಟ್ ಇಲ್ಲೇ ನಾಲ್ಕೈದು ನೂರು ಯೂರೋ ತಪ್ಪಿರುತ್ತದೆ.

ಈಗ ಮೊದಲ ಮೂರು ತಿಂಗಳು. ಬಂದಿಳಿದ ದಿನ ಪರ್ಮನೆಂಟ್ ಮನೆ ಸಿಗುವುದು ಅಪರೂಪ, ಸಂಬಳದ ಮೂರು ಚೀಟಿ ತೋರಿಸಿ ಅನ್ನುವ ಮಾಲೀಕರೇ ಹೆಚ್ಚು. ಆದ್ದರಿಂದ ಎರಡು ತಿಂಗಳಿಗೆ ಪೀಠೋಪಕರಣ ಸಮೇತದ ಮನೆ: 1,900ರಂತೆ 3,800, ಅದರ ಠೇವಣಿ 1,900. ಎರಡು ತಿಂಗಳ ಊಟ, ಓಡಾಟ, ಫೋನು 2,200. ಆಮೇಲೆ ಸ್ವಂತ ಬಾಡಿಗೆ ಮನೆಗೆ ಠೇವಣಿ, ಅದು ಹೆಚ್ಚೆಂದರೆ ಮೂರು ತಿಂಗಳ ಕಾಲ್ಟ್‌ಮೀಟೆ. 1,200ರ ಮನೆಗೆ 3,600. ಮೊದಲ ತಿಂಗಳ ಬಾಡಿಗೆ 1,500. ಅಡುಗೆಮನೆ, ಮಂಚ, ವಾಷಿಂಗ್ ಮಷೀನ್, ದೀಪಗಳಿಗೆ 4,500. ಚಳಿ ಬಟ್ಟೆ 500. ರೆಸಿಡೆನ್ಸ್ ಪರ್ಮಿಟ್ ಮತ್ತು ಭಾಷಾಂತರಕ್ಕೆ 500. ಒಟ್ಟು 18,500. ಈ ಅವಧಿಯಲ್ಲಿ ಕೈಗೆ ಬರುವುದು ಎರಡು ಸಂಬಳ, 6,290. ಉಳಿದ 12,210 ಊರಿಂದಲೇ ಬರಬೇಕು. ಜೊತೆಗೆ ಒಂದು ತಿಂಗಳ ಖರ್ಚು ಕೈಯಲ್ಲಿರಲಿ ಅಂದರೆ 15,000 ಯೂರೋ, ಹದಿನೈದು ಲಕ್ಷದ ಮೇಲೆ.

ಅಡುಗೆಮನೆ ಅಂದದ್ದನ್ನು ಓದಿ ಮುಂದೆ ಹೋಗಬೇಡಿ. ಎಷ್ಟೋ ಜರ್ಮನ್ ಬಾಡಿಗೆ ಮನೆಗಳಲ್ಲಿ ಅಡುಗೆಮನೆ ಅಂದರೆ ನಾಲ್ಕು ಗೋಡೆ, ಒಂದು ನಲ್ಲಿ ಪೈಪು, ಒಲೆಗೆ ಗೋಡೆಯಿಂದ ಹೊರಬಂದ ವೈರು. ಸಿಂಕ್, ಒಲೆ, ಕಪಾಟು ಎಲ್ಲ ನಿಮ್ಮದೇ. ಹೊಸದು ಹಾಕಿಸಿದರೆ 2,500ರಿಂದ 5,000. ಖಾಲಿ ಮಾಡುತ್ತಿರುವ ಬಾಡಿಗೆದಾರರು ತಮ್ಮ ಅಡುಗೆಮನೆಯನ್ನು ನಿಮಗೇ ಮಾರಲು ಒಪ್ಪಿದರೆ ಐನೂರರಿಂದ ಎರಡು ಸಾವಿರದೊಳಗೆ ಮುಗಿಯುತ್ತದೆ. ಮನೆ ನೋಡಲು ಹೋದಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಚಾವಣಿಯಲ್ಲಿ ದೀಪವೂ ಇರುವುದಿಲ್ಲ, ವೈರು ಮಾತ್ರ ನೇತಾಡುತ್ತಿರುತ್ತದೆ.

ಠೇವಣಿಯನ್ನು ಮೂರು ಸಮ ಕಂತಿನಲ್ಲಿ ಕಟ್ಟುವ ಹಕ್ಕು ಬಾಡಿಗೆದಾರರಿಗೆ ಕಾನೂನಿನಲ್ಲೇ ಇದೆ: ಮೊದಲ ಕಂತು ಬಾಡಿಗೆ ಶುರುವಾದಾಗ, ಉಳಿದೆರಡು ಮುಂದಿನ ಎರಡು ಬಾಡಿಗೆಗಳ ಜೊತೆ. ಮೇಲಿನ ಲೆಕ್ಕದಲ್ಲಿ ಇದೊಂದೇ 2,400 ಯೂರೋವನ್ನು ಮುಂದಕ್ಕೆ ತಳ್ಳುತ್ತದೆ. ಮನೆ ನೋಡುವಾಗ ಈ ಮಾತು ತೆಗೆಯಬೇಡಿ, ನಿಮ್ಮ ಹಿಂದೆ ಮೂವತ್ತು ಜನ ಸಾಲಿನಲ್ಲಿರುತ್ತಾರೆ. ಸಹಿ ಆದ ಮೇಲೆ ತೆಗೆಯಿರಿ. ತಾತ್ಕಾಲಿಕ ಮನೆಯ 1,900 ಮಾತ್ರ ಖಾಲಿ ಮಾಡಿದ ದಿನವೇ ಕೈಗೆ ಸಿಗುತ್ತದೆ ಎಂದುಕೊಂಡು ಹೊಸ ಠೇವಣಿಗೆ ಲೆಕ್ಕ ಹಾಕಬೇಡಿ.

ತಾತ್ಕಾಲಿಕ ಮನೆಯಲ್ಲಿ ಇನ್ನೊಂದು ಗುಂಡಿಯಿದೆ. ತಿಂಗಳಿಗೆ ಇನ್ನೂರು ಯೂರೋ ಕಡಿಮೆ ಸಿಕ್ಕಿತೆಂದು ರಜೆಗೆ ಬರುವವರ ಅಪಾರ್ಟ್‌ಮೆಂಟ್ ಹಿಡಿಯುತ್ತಾರೆ, ಅಲ್ಲಿ ಮಾಲೀಕರು ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್ ಕೊಡುವುದಿಲ್ಲ. ಹೆಸರು ಉದ್ದ, ವಿಷಯ ಚಿಕ್ಕದು: ಇವರು ನನ್ನ ಮನೆಯಲ್ಲಿದ್ದಾರೆ ಎಂದು ಮಾಲೀಕರು ಸಹಿ ಹಾಕುವ ಒಂದು ಹಾಳೆ. ಅದಿಲ್ಲದೆ ಆನ್‌ಮೆಲ್ಡುಂಗ್, ಅಂದರೆ ವಿಳಾಸ ನೋಂದಣಿ ಆಗುವುದಿಲ್ಲ. ಮನೆ ಸೇರಿ ಎರಡು ವಾರದೊಳಗೆ ಅದನ್ನು ಮಾಡಬೇಕು. ನೋಂದಣಿ ಆಗದೆ ಟ್ಯಾಕ್ಸ್ ನಂಬರ್ ಅಂಚೆಯಲ್ಲಿ ಬರುವುದಿಲ್ಲ, ಅದು ಬರದೆ ತೆರಿಗೆ ವರ್ಗ ಬದಲಾಗುವುದಿಲ್ಲ, ಮಗುವಿನ ನಂಬರ್ ಇಲ್ಲದೆ ಕಿಂಡರ್‌ಗೆಲ್ಡ್ ಅರ್ಜಿ ಪೂರ್ತಿಯಾಗುವುದಿಲ್ಲ. ಇನ್ನೂರು ಉಳಿಸಲು ಹೋಗಿ ತಿಂಗಳಿಗೆ ಆರುನೂರು ತಡೆಹಿಡಿದುಕೊಂಡ ಹಾಗೆ. ನೋಂದಣಿಗೆ ಹೋಗುವಾಗ ಮದುವೆ ಪ್ರಮಾಣಪತ್ರದ ಮೂಲಪ್ರತಿ, ಪ್ರಮಾಣಿತ ಭಾಷಾಂತರ ಎರಡೂ ಇರಲಿ. ಕೌಂಟರಿನಲ್ಲಿ ಮದುವೆ ದಾಖಲಾಗದಿದ್ದರೆ ತೆರಿಗೆ ಕಚೇರಿಯ ಕಣ್ಣಿಗೆ ನೀವಿಬ್ಬರೂ ಅವಿವಾಹಿತರು. ಕಿಂಡರ್‌ಗೆಲ್ಡ್‌ನ ಬಾಕಿ ಅರ್ಜಿ ಹಾಕಿದ ತಿಂಗಳಿಂದ ಹಿಂದಿನ ಆರು ತಿಂಗಳಿಗೆ ಮಾತ್ರ ಸಿಗುತ್ತದೆ, ಆಮೇಲೆ ಹಾಕೋಣ ಎಂದು ಕೂರುವ ಹಾಗಿಲ್ಲ.

ಒಬ್ಬರು ಮೊದಲು ಹೋಗಿ ಸಂಸಾರವನ್ನು ಆಮೇಲೆ ಕರೆಸಿಕೊಳ್ಳುವುದು ವಾಸಿಯೇ? ನಗದಿನ ದೃಷ್ಟಿಯಿಂದ ಹೌದು. ಒಂದು ರೂಮಿನಲ್ಲಿ 700 ಯೂರೋಗೆ ಕಳೆಯಬಹುದು, ಸಂಬಳದ ಚೀಟಿ ಕೂಡಿದ ಮೇಲೆ ಮನೆ ಹುಡುಕಬಹುದು. ಆದರೆ ಈ ವರ್ಷವೇ ಹೋಗಿ ಕೆಲಸ ಶುರು ಮಾಡಿದವರು ಹೆಂಡತಿ-ಮಕ್ಕಳಿಗೆ ಸಂಕ್ರಾಂತಿ ಮುಗಿಸಿಕೊಂಡು ಬನ್ನಿ ಅನ್ನುವ ಮುಂಚೆ ಒಮ್ಮೆ ಯೋಚಿಸಿ. ಸಂಗಾತಿ ಡಿಸೆಂಬರ್ 31ರೊಳಗೆ ಬಂದು ಜರ್ಮನಿಯಲ್ಲಿ ವಾಸ ಹೂಡಿದರೆ ಆ ಇಡೀ ವರ್ಷಕ್ಕೆ ಜಂಟಿ ರಿಟರ್ನ್ ಹಾಕಲು ಅವಕಾಶವಿದೆ, ಒಂದೇ ದಿನ ಇದ್ದರೂ ಸಾಕು. ಆ ವರ್ಷ ಇಬ್ಬರಿಗೂ ಭಾರತದಲ್ಲಿ ಬಂದ ಸಂಬಳ ತೆರಿಗೆಯ ದರ ಗೊತ್ತುಮಾಡುವಾಗ ಎಣಿಕೆಗೆ ಬರುತ್ತದೆ. ಹಾಗಾಗಿ ಸಂಗಾತಿಯೂ ಇಲ್ಲಿ ದೊಡ್ಡ ಸಂಬಳದ ಕೆಲಸದಲ್ಲಿದ್ದರೆ ಲಾಭ ಕರಗುತ್ತದೆ, ಇಲ್ಲದಿದ್ದರೆ ಸಾವಿರಗಳ ಲೆಕ್ಕದಲ್ಲಿ ಯೂರೋ ವಾಪಸ್ ಬರಬಹುದು. ಡಿಸೆಂಬರ್ ಟಿಕೆಟಿನ ದುಬಾರಿ ದರವನ್ನು ಇದಕ್ಕೆ ತೂಗಿ ನೋಡಿ.

ಆರೋಗ್ಯ ವಿಮೆಯಲ್ಲಿ ಹೆಚ್ಚು ಹೇಳುವುದಿಲ್ಲ. ಸರ್ಕಾರಿ ವ್ಯವಸ್ಥೆಯಲ್ಲಿ ಸಂಪಾದನೆಯಿಲ್ಲದ ಸಂಗಾತಿ, ಮಕ್ಕಳು ಅದೇ ಕಂತಿನಲ್ಲಿ ಉಚಿತವಾಗಿ ಸೇರುತ್ತಾರೆ. ವರ್ಷದ ಸಂಬಳ ಒಂದು ಮಿತಿ (2025ರಲ್ಲಿ ಅದು 73,800 ಯೂರೋ ಇತ್ತು) ದಾಟಿದವರಿಗೆ ಖಾಸಗಿ ವಿಮೆಯ ಏಜೆಂಟರು ಅಗ್ಗದ ಕಂತು ತೋರಿಸುತ್ತಾರೆ. ಅದು ಒಬ್ಬರ ಕಂತು, ಹೆಂಡತಿಗೆ ಬೇರೆ, ಮಗುವಿಗೆ ಬೇರೆ. ವಾಪಸ್ ಸರ್ಕಾರಿಗೆ ಬರುವುದೂ ಕಷ್ಟ. ಒಬ್ಬರೇ ದುಡಿಯುವ ಸಂಸಾರಕ್ಕೆ ಅದು ಬೇಡ.

ಕಿಟಾ ಶುಲ್ಕ ಊರಿಂದೂರಿಗೆ ಬೇರೆ. ಬರ್ಲಿನ್‌ನಲ್ಲಿ ಶುಲ್ಕವಿಲ್ಲ, ಊಟಕ್ಕೆ ತಿಂಗಳಿಗೆ 23 ಯೂರೋ ಅಷ್ಟೇ. ಸ್ಟುಟ್‌ಗಾರ್ಟ್ ಕಡೆ ಕಟ್ಟಲೇಬೇಕು. ದುಡ್ಡಿಗಿಂತ ಸೀಟಿನ ಕಾಯುವಿಕೆ ದೊಡ್ಡದು: ಸೀಟು ಸಿಗುವವರೆಗೆ ಸಂಗಾತಿ ಕೆಲಸಕ್ಕೆ ಹೋಗಲಾಗುವುದಿಲ್ಲ. ಆದ್ದರಿಂದ ಮೊದಲ ವರ್ಷದ ಬಜೆಟ್ಟಿನಲ್ಲಿ ಎರಡನೇ ಸಂಬಳವನ್ನು ಬರೆಯಲೇಬೇಡಿ.

ನೋಂದಣಿಯಾದ ಕೆಲವು ವಾರಕ್ಕೆ ರೇಡಿಯೋ-ಟಿವಿ ಶುಲ್ಕದ ಪತ್ರ ಬರುತ್ತದೆ. ಮನೆಯಲ್ಲಿ ಟಿವಿ ಇಲ್ಲದಿದ್ದರೂ ಮನೆಗೊಂದರಂತೆ ತಿಂಗಳಿಗೆ 18.36. ಜಾಹೀರಾತು ಎಂದು ಬಿಸಾಕಿದರೆ ನೋಂದಣಿಯ ದಿನದಿಂದ ಸೇರಿಸಿ ಬಾಕಿ ಕೇಳುತ್ತಾರೆ.

ಊರಿನ ಕಡೆಯ ಲೆಕ್ಕ. ಹದಿನೈದು ಲಕ್ಷವನ್ನು ಒಬ್ಬರ ಪ್ಯಾನ್‌ನಲ್ಲೇ ವಿದೇಶಿ ಹಣ ಮಾಡಿಸಿದರೆ, ಒಂದು ಆರ್ಥಿಕ ವರ್ಷಕ್ಕೆ ಹತ್ತು ಲಕ್ಷ ದಾಟಿದ ಭಾಗಕ್ಕೆ ಬ್ಯಾಂಕು 20% ಟಿಸಿಎಸ್, ಅಂದರೆ ಮುಂಗಡ ತೆರಿಗೆ ಹಿಡಿಯುತ್ತದೆ. ಐದು ಲಕ್ಷಕ್ಕೆ ಒಂದು ಲಕ್ಷ. ರಿಟರ್ನ್ ಹಾಕಿ ವಾಪಸ್ ಪಡೆಯಬಹುದು, ಆದರೆ ಬೇಕಾದ ಹೊತ್ತಿಗೆ ಆ ಲಕ್ಷ ಕೈಯಲ್ಲಿ ಇರುವುದಿಲ್ಲ. ಗಂಡ-ಹೆಂಡತಿ ತಮ್ಮ ತಮ್ಮ ಖಾತೆಯಿಂದ ಏಳೂವರೆ ಏಳೂವರೆ ಲಕ್ಷ ಫಾರೆಕ್ಸ್ ಕಾರ್ಡಿಗೆ ಹಾಕಿಸಿಕೊಂಡರೆ ಈ ತಾಪತ್ರಯವಿಲ್ಲ. ಹೋದ ಮೇಲೆ ತರಿಸಿಕೊಳ್ಳೋಣ ಎಂದರೆ, ಆಗ ಖಾತೆ ಎನ್‌ಆರ್‌ಒ (ಅನಿವಾಸಿಗಳ ರೂಪಾಯಿ ಖಾತೆ) ಆಗಿರಬೇಕು, ಹಣ ಹೊರಗೆ ಕಳಿಸುವ ತೆರಿಗೆ ಫಾರಂ, ಸಿಎ ಸಹಿ, ಬ್ಯಾಂಕಿನ ತಗಾದೆ. ಠೇವಣಿಗೆ ಮೂರು ದಿನ ಗಡುವು ಇರುವಾಗ ಅದು ಆಗುವ ಮಾತಲ್ಲ.

ಬೆಂಗಳೂರಿನ ಬಾಡಿಗೆ ಮನೆಯ ಅಡ್ವಾನ್ಸ್ ಅನ್ನೂ ಈ ಹದಿನೈದರಲ್ಲಿ ಸೇರಿಸಬೇಡಿ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಮುರಿದುಕೊಂಡು, ಹೊಸ ಬಾಡಿಗೆದಾರರು ಬಂದ ಮೇಲೆ ಕೊಡುತ್ತೇವೆ ಅನ್ನುವ ಮಾಲೀಕರೇ ಜಾಸ್ತಿ. ಅದು ಬಂದಾಗ ಎನ್‌ಆರ್‌ಒ ಖಾತೆಗೆ ಬೀಳಲಿ, ಹತ್ತು ಹನ್ನೆರಡು ಇಎಂಐಗೆ ಆಗುತ್ತದೆ.

ಲಗೇಜಿನಲ್ಲಿ ಕುಕ್ಕರ್, ಮಿಕ್ಸಿ ಎರಡಕ್ಕೂ ಜಾಗ ಕೊಡಿ. ಮಿಕ್ಸಿಗೆ ಅಲ್ಲಿನ 230 ವೋಲ್ಟ್ ಸರಿಹೋಗುತ್ತದೆ, ಪಿನ್ ಮಾತ್ರ ಹೊಂದುವುದಿಲ್ಲ, ದಪ್ಪ ಅಡಾಪ್ಟರ್ ಎರಡು ಇಟ್ಟುಕೊಳ್ಳಿ. ಕುಕ್ಕರಿನ ತಳಕ್ಕೆ ಫ್ರಿಜ್ಜಿನ ಮೇಲಿನ ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಇಂಡಕ್ಷನ್ ಒಲೆಗೂ ನಡೆಯುತ್ತದೆ. ಜಾರಿದರೆ ಅದನ್ನು ಅತ್ತೆ ಮನೆಯಲ್ಲಿ ಬಿಟ್ಟು, ತಳಕ್ಕೆ ಅಯಸ್ಕಾಂತ ಅಂಟುವ ಸ್ಟೀಲಿನದು ಮೂರು ಲೀಟರಿನದೊಂದು ಇಲ್ಲೇ ಕೊಂಡು ಹೋಗಿ.