ನೈಸಿಯಾಕ್ಕಿಂತ ಮೊದಲಿನ ಇಬ್ಬರು ದಾಸಿಯರು

ಯೇಸುವನ್ನು ದೇವರು ಮಾಡಿದ್ದು ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಅಂತೆ. ಕ್ರಿ.ಶ. 325ರಲ್ಲಿ ನೈಸಿಯಾ ಪಟ್ಟಣದಲ್ಲಿ ಬಿಷಪರನ್ನೆಲ್ಲ ಕೂಡಿಸಿ, ಮತ ಹಾಕಿಸಿ, ಅಲ್ಲಿಯವರೆಗೆ ಬರೀ ಬೋಧಕನಾಗಿದ್ದವನನ್ನು ದೇವಕುಮಾರ ಎಂದು ಸಾರಿದರಂತೆ. 2003ರಲ್ಲಿ ಬಂದ ಒಂದು ಇಂಗ್ಲಿಷ್ ಕಾದಂಬರಿಯಿಂದ ಈ ಮಾತು ಎಲ್ಲ ಕಡೆ ಹಬ್ಬಿತು. ಈಗ ಪುಟ್ಟ ಪುಟ್ಟ ವಿಡಿಯೋಗಳಾಗಿ ಓಡಾಡುತ್ತಿದೆ. ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ ಅಂಥದ್ದು ಸಿಕ್ಕಾಗಲೆಲ್ಲ ನನಗೆ ಕಳಿಸುತ್ತಾನೆ. "ಚಿಕ್ಕಮ್ಮ, ಇದಕ್ಕೇನು ಹೇಳ್ತೀರಿ?" ಅಂತ ಕೆಳಗೆ ಬರೆದಿರುತ್ತಾನೆ. ಅವನು ಕೆಣಕಲು ಕೇಳುವುದಲ್ಲ, ತಿಳಿಯಬೇಕು ಅಂತಲೇ ಕೇಳುತ್ತಾನೆ. ನಮ್ಮ ಚರ್ಚಿನ ಸಭೆಯ ಬೇರೆ ಯುವಕರೂ ಕೇಳುತ್ತಾರೆ. "ಅದೆಲ್ಲ ಕೇಳಬಾರದು" ಎಂದು ಅವರ ಬಾಯಿ ಮುಚ್ಚಿಸುವುದು ನನಗೆ ಸರಿ ಕಾಣುವುದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನೈಸಿಯಾದ ವಿಷಯ ಮೊದಲು ಮುಗಿಸಿಬಿಡುತ್ತೇನೆ, ಅದು ಅಷ್ಟು ಕಷ್ಟದ್ದಲ್ಲ. ಅಲ್ಲಿ ಎದ್ದ ಜಗಳ ಯೇಸು ದೇವರೋ ಬರೀ ಮನುಷ್ಯನೋ ಎಂಬುದಲ್ಲ. ಅಲೆಕ್ಸಾಂಡ್ರಿಯದ ಅರಿಯಸ್ ಎಂಬ ಪಾದ್ರಿ, ಮಗನೂ ದೇವರಿಂದ ಉಂಟುಮಾಡಲ್ಪಟ್ಟವನೇ, ಆತ ಇಲ್ಲದ ಕಾಲ ಒಂದಿತ್ತು ಎಂದು ಕಲಿಸುತ್ತಿದ್ದ. ಆದರೆ ಲೋಕ ಹುಟ್ಟುವ ಮೊದಲೇ ಮಗ ಇದ್ದನೆಂದು ಅವನೂ ಒಪ್ಪಿದ್ದ. ಬರೀ ಬೋಧಕ ಎಂದವರು ಆ ಜಗಳದ ಎರಡು ಪಕ್ಷದಲ್ಲೂ ಇರಲಿಲ್ಲ. ಕೊನೆಗೆ ಅರಿಯಸ್‌ನ ಜೊತೆ ಗಟ್ಟಿಯಾಗಿ ನಿಂತವರು ಇಬ್ಬರೇ ಬಿಷಪರು. ಯೇಸುವಿನ ಕಥೆ ಹೇಳುವ ಸುವಾರ್ತೆಗಳನ್ನು ಆರಿಸುವ ಕೆಲಸವಂತೂ ಅಲ್ಲಿ ನಡೆಯಲೇ ಇಲ್ಲ. ಇಂದಿನ ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ಸರಿಯಾಗಿ ಕಾಣಿಸುವುದು ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ 367ರಲ್ಲಿ ಬರೆದ ಈಸ್ಟರ್ ಪತ್ರದಲ್ಲಿ. ಇನ್ನು ಚಕ್ರವರ್ತಿ? ಕೆಲವೇ ವರ್ಷಗಳಲ್ಲಿ ಅರಿಯಸ್‌ನನ್ನು ಗಡೀಪಾರಿನಿಂದ ವಾಪಸ್ ಕರೆಸಿದ. 337ರಲ್ಲಿ ಸಾಯುವ ಮುಂಚೆ ಅವನಿಗೆ ದೀಕ್ಷಾಸ್ನಾನ ಕೊಟ್ಟ ಬಿಷಪ್ ಕೂಡ ಅರಿಯಸ್‌ನ ಕಡೆಯವನೇ. ತಾನೇ ಒಂದು ಹೊಸ ದೇವರನ್ನು ಮಾಡಿದವನು ಹೀಗೆ ನಡೆದುಕೊಳ್ಳುತ್ತಿದ್ದನೇ?

ಆದರೆ ನನಗೆ ಹೇಳಬೇಕೆನಿಸುವುದು ಇದಕ್ಕೂ ಹಳೆಯ ಕಥೆ. ನೈಸಿಯಾ ಈಗಿನ ಟರ್ಕಿಯ ಇಜ್ನಿಕ್. ಹಿಂದೆ ಅದು ಬಿಥೂನ್ಯ ಸೀಮೆಯಲ್ಲಿತ್ತು. ಬಿಷಪರ ಆ ಸಭೆಗೆ 200 ವರ್ಷಕ್ಕೂ ಹಿಂದೆ, ಸುಮಾರು ಕ್ರಿ.ಶ. 112ರಲ್ಲಿ, ಅದೇ ಸೀಮೆಗೆ ರೋಮಿನ ಅಧಿಪತಿ ಪ್ಲಿನಿ. ಅವನಿಗೆ ಕ್ರೈಸ್ತರೆಂದರೆ ತಲೆನೋವು. ಚಕ್ರವರ್ತಿ ಟ್ರಾಜನ್‌ನಿಗೆ ಅವನು ಬರೆದ ಪತ್ರ ಇವತ್ತಿಗೂ ಉಳಿದಿದೆ. ಈ ಜನ ಗೊತ್ತಾದ ಒಂದು ದಿನ ಬೆಳಕು ಹರಿಯುವ ಮೊದಲು ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಎಣಿಸಿ ಹಾಡುತ್ತಾರೆ, ಕಳ್ಳತನ ಮಾಡುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ಕೊಟ್ಟ ಮಾತು ತಪ್ಪುವುದಿಲ್ಲ ಎಂದು ಆಣೆ ಮಾಡುತ್ತಾರೆ ಎಂದು ಬರೆಯುತ್ತಾನೆ. ಇಷ್ಟೇನಾ ಎಂದು ಖಚಿತಮಾಡಿಕೊಳ್ಳಲು ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸಿದೆ ಎಂದೂ ಬರೆಯುತ್ತಾನೆ. ಆ ಇಬ್ಬರು ಹೆಂಗಸರು ಆ ಸಭೆಯ ಸೇವಕಿಯರಾಗಿದ್ದರು. ಅವರ ಬಾಯಿಂದ ಹೊರಟದ್ದು ಅತಿಯಾದ ಮೂಢನಂಬಿಕೆ, ಬೇರೇನೂ ಇಲ್ಲ ಅನ್ನುತ್ತಾನೆ.

ಅವರ ಹೆಸರನ್ನು ಅವನು ಬರೆಯಲಿಲ್ಲ. ಆ ಸಾಲು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ. ಕಾನ್‌ಸ್ಟಂಟೈನ್ ಹುಟ್ಟುವುದಕ್ಕೂ ಎಷ್ಟೋ ಮೊದಲು, ಅದೇ ನೆಲದಲ್ಲಿ, ಕ್ರಿಸ್ತನನ್ನು ದೇವರೆಂದು ಹಾಡಿದ್ದಕ್ಕೆ ಮೈಮೇಲೆ ಏಟು ತಿಂದವರು ಅವರು. ನಂಬಿಕೆ ಎಲ್ಲಿ ಹುಟ್ಟಿತು ಎಂದು ಚರ್ಚೆ ಮಾಡುವಾಗ ನಾವು ಅರಮನೆ ಕಡೆಗೇ ನೋಡುತ್ತೇವೆ. ಅವರನ್ನು ಯಾರೂ ನೆನೆಯುವುದಿಲ್ಲ.

ಈಗ ಕಷ್ಟದ ಪ್ರಶ್ನೆಗೆ ಬರೋಣ. ಯೇಸು ಎಂಬವನು ಇರಲೇ ಇಲ್ಲ ಎಂಬ ವಾದದ ಮೇಲೆ ನಾನು ಜಾಸ್ತಿ ಹೊತ್ತು ಕಳೆಯುವುದಿಲ್ಲ. ಬಾರ್ಟ್ ಎರ್ಮನ್ ತಾನು ಈಗ ನಂಬುವವನಲ್ಲ ಎಂದು ಬಾಯಿಬಿಟ್ಟು ಹೇಳಿದ ಪಂಡಿತರು. ಯೇಸು ಇದ್ದದ್ದು ನಿಜ ಎಂದು 2012ರಲ್ಲಿ ಅವರೇ ಒಂದು ಇಡೀ ಪುಸ್ತಕ ಬರೆದರು. ಅಪೊಸ್ತಲ ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ, ತಾನು ಯೆರೂಸಲೇಮಿಗೆ ಹೋಗಿ ಕೇಫನ, ಅಂದರೆ ಯೇಸುವಿನ ಶಿಷ್ಯ ಪೇತ್ರನ, ಜೊತೆ 15 ದಿನ ಇದ್ದೆ, ಕರ್ತನ ತಮ್ಮನಾದ ಯಾಕೋಬನನ್ನೂ ಕಂಡೆ ಅನ್ನುತ್ತಾನೆ. ಇಲ್ಲದವನಿಗೆ ತಮ್ಮ ಎಲ್ಲಿಂದ ಬರುತ್ತಾನೆ?

ಕಷ್ಟ ಇರುವುದು ಪುನರುತ್ಥಾನದಲ್ಲಿ, ಅಂದರೆ ಸತ್ತ ಯೇಸು ಎದ್ದು ಬಂದ ಎಂಬುದರಲ್ಲಿ. ಅದರ ಬಗ್ಗೆ ನಮ್ಮಲ್ಲಿರುವ ಎಲ್ಲಕ್ಕಿಂತ ಹಳೆಯ ಬರಹ ಸುವಾರ್ತೆಯಲ್ಲ. ಪೌಲ ಸುಮಾರು 54ರಲ್ಲಿ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 15ನೇ ಅಧ್ಯಾಯ. ಅಲ್ಲಿ ಅವನು ತನ್ನ ಮಾತು ಹೇಳುತ್ತಿಲ್ಲ. ನನಗೆ ತಿಳಿಸಿದ್ದನ್ನೇ ನಿಮಗೂ ತಿಳಿಸಿದೆ ಅನ್ನುತ್ತಾನೆ. ಕ್ರಿಸ್ತ ಸತ್ತ, ಹೂಣಲ್ಪಟ್ಟ, ಮೂರನೆಯ ದಿನ ಎಬ್ಬಿಸಲ್ಪಟ್ಟ, ಕೇಫನಿಗೆ ಕಾಣಿಸಿಕೊಂಡ, ಆಮೇಲೆ ಹನ್ನೆರಡು ಮಂದಿಗೆ, ಆಮೇಲೆ 500ಕ್ಕೂ ಹೆಚ್ಚು ಮಂದಿಗೆ, ಯಾಕೋಬನಿಗೆ, ಅಪೊಸ್ತಲರೆಲ್ಲರಿಗೆ, ಕಟ್ಟಕಡೆಗೆ ನನಗೂ. ಬಾಯಿಪಾಠ ಮಾಡಿಸುತ್ತಿದ್ದ ಪಟ್ಟಿ ಇದು ಎಂದು ಓದಿದರೇ ಗೊತ್ತಾಗುತ್ತದೆ. ಶಿಲುಬೆಯ ಸಾವಿನಿಂದ ಕೆಲವೇ ವರ್ಷಗಳೊಳಗೆ ಇದರ ಮುಖ್ಯ ಭಾಗ ಹುಟ್ಟಿತು ಎಂಬುದನ್ನು ನಂಬದ ಪಂಡಿತರೂ ಒಪ್ಪುತ್ತಾರೆ.

ಆ ಪಟ್ಟಿಯಲ್ಲಿ ಹೆಸರು ಹಿಡಿದು ಹೇಳಿದ ಒಬ್ಬ ಹೆಂಗಸೂ ಇಲ್ಲ.

ಮಾರ್ಕನ ಸುವಾರ್ತೆ ತೆರೆಯಿರಿ. ಅಲ್ಲಿ ಸಮಾಧಿಯ ಹತ್ತಿರ ಬರುವವರೆಲ್ಲ ಹೆಂಗಸರೇ. ಮಗ್ದಲದ ಮರಿಯಳು, ಯಾಕೋಬನ ತಾಯಿ ಮರಿಯಳು, ಸಲೋಮೆ. ಮತ್ತೆ ಅವರು ಹೆದರಿ ಓಡುತ್ತಾರೆ, ಯಾರಿಗೂ ಏನೂ ಹೇಳುವುದಿಲ್ಲ. 16ನೇ ಅಧ್ಯಾಯದ 8ನೇ ವಚನ ಅದು. ಸೈನಾಯಿಟಿಕಸ್, ವ್ಯಾಟಿಕನಸ್ ಎಂಬ 4ನೇ ಶತಮಾನದ ಎರಡು ದೊಡ್ಡ ಹಸ್ತಪ್ರತಿಗಳಲ್ಲಿ ಮಾರ್ಕನ ಪುಸ್ತಕ ಅಲ್ಲಿಗೇ ಮುಗಿಯುತ್ತದೆ. ಮುಂದಿನ ವಚನಗಳನ್ನು ಬೇರೆಯವರು ಆಮೇಲೆ ಸೇರಿಸಿದರು ಎಂದೇ ಹೆಚ್ಚಿನವರ ಅಭಿಪ್ರಾಯ. ಇದನ್ನು ಭಾನುವಾರದ ಪ್ರಸಂಗದಲ್ಲಿ ನಾನು ಕೇಳಿದ್ದು ತೀರಾ ಅಪರೂಪ.

ಈ ಎರಡನ್ನೂ ಪಕ್ಕಪಕ್ಕ ಇಟ್ಟರೆ ಜಗಳ ಶುರು. ಜರ್ಮನಿಯ ಗಾಟಿಂಗನ್ ವಿಶ್ವವಿದ್ಯಾಲಯದ ಪಂಡಿತ ಗೆರ್ಡ್ ಲ್ಯೂಡಮನ್ 1994ರಲ್ಲಿ ಹೇಳಿದ್ದು ಹೀಗೆ: ಯೇಸುವನ್ನು ಅಲ್ಲಗಳೆದ ಪೇತ್ರ ದುಃಖದಲ್ಲಿ, ಪಾಪಪ್ರಜ್ಞೆಯಲ್ಲಿ ಒಂದು ದರ್ಶನ ಕಂಡ, ಉಳಿದದ್ದೆಲ್ಲ ಅದರಿಂದ ಬೆಳೆಯಿತು, ಖಾಲಿ ಸಮಾಧಿ ಆಮೇಲೆ ಕಟ್ಟಿದ ಕಥೆ. ಇಂಗ್ಲೆಂಡಿನ ಪಂಡಿತ ಎನ್. ಟಿ. ರೈಟ್ 2003ರಲ್ಲಿ ಅದಕ್ಕೆ ಎದುರು ನಿಂತರು. ಸತ್ತವರನ್ನು ಕಂಡೆವು ಎನ್ನುವ ಜನ ಎಲ್ಲ ಕಾಲದಲ್ಲೂ ಇದ್ದಾರೆ, ಅಷ್ಟಕ್ಕೇ ಯಾವ ಯೆಹೂದಿಯೂ "ಎದ್ದು ಬಂದ" ಅನ್ನುತ್ತಿರಲಿಲ್ಲ, ಖಾಲಿ ಸಮಾಧಿ ಮತ್ತು ಕಾಣಿಸಿಕೊಂಡದ್ದು ಎರಡೂ ಸೇರಿದರೆ ಮಾತ್ರ ಆ ನಂಬಿಕೆ ಹುಟ್ಟಲು ಸಾಧ್ಯ ಎಂಬುದು ಅವರ ವಾದ.

ಹೆಂಗಸರ ವಿಷಯದಲ್ಲಿ ರೈಟ್ ಕಡೆಯವರು ಹೇಳುವುದು ನನಗೆ ಬಲವಾಗಿ ಕಾಣುತ್ತದೆ. ಹೆಂಗಸರ ಸಾಕ್ಷಿಯನ್ನು ಒಪ್ಪಬಾರದು ಎಂದು ಆ ಕಾಲದ ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿಟ್ಟಿದ್ದಾನೆ. ಕಥೆ ಕಟ್ಟುವವರು ಪೇತ್ರನನ್ನೋ ಯೋಹಾನನನ್ನೋ ಮೊದಲು ಕಳಿಸುತ್ತಿದ್ದರು, ಅಲ್ವಾ? ಇದಕ್ಕೆ ಉತ್ತರವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಗಂಡಸರೆಲ್ಲ ಓಡಿಹೋಗಿದ್ದರು, ಹಾಗಾಗಿ ಮಾರ್ಕನಿಗೆ ಬೇರೆ ಪಾತ್ರಗಳೇ ಉಳಿದಿರಲಿಲ್ಲ. ಹೆಂಗಸರು ಯಾರಿಗೂ ಹೇಳಲಿಲ್ಲ ಎಂದು ಬರೆದರೆ ಈ ಕಥೆ ಇಷ್ಟು ದಿನ ಯಾಕೆ ಯಾರಿಗೂ ಗೊತ್ತಿರಲಿಲ್ಲ ಎಂಬುದಕ್ಕೂ ಉತ್ತರವಾಯಿತು. ಇದು ಸುಮ್ನೆ ತಳ್ಳಿಹಾಕುವ ಮಾತಲ್ಲ. ಆದರೂ ನಾಲ್ಕು ಸುವಾರ್ತೆಗಳಲ್ಲಿ ಹೆಂಗಸರ ಸಂಖ್ಯೆ ಬೇರೆ, ಹೆಸರು ಬೇರೆ, ಮಗ್ದಲದ ಮರಿಯಳು ಮಾತ್ರ ನಾಲ್ಕರಲ್ಲೂ ಇದ್ದಾಳೆ. ಅವಳನ್ನು ಬಿಟ್ಟು ಈ ಕಥೆ ಹೇಳಲು ಯಾರಿಂದಲೂ ಆಗಲಿಲ್ಲ. ಊರೂರಿಗೆ ಒಯ್ಯುವ ಪಟ್ಟಿಯಿಂದ ಅವಳನ್ನು ಕೈಬಿಟ್ಟರು, ಕಥೆಯಿಂದ ಕೈಬಿಡಲಾಗಲಿಲ್ಲ ಎಂದೇ ನಾನು ತಿಳಿದಿದ್ದೇನೆ. ಇತಿಹಾಸ ಓದಿ ಪುನರುತ್ಥಾನವನ್ನು ಸಾಬೀತು ಮಾಡಲು ಬರುವುದಿಲ್ಲ. ನಾನು ಅವಳ ಮಾತನ್ನು ನಂಬುತ್ತೇನೆ. ಇಷ್ಟು ದೂರ ಕಣ್ಣು ತೆರೆದುಕೊಂಡೇ ನಡೆದು ಬಂದು ನಂಬುತ್ತೇನೆ.

ನಮ್ಮ ಕರಾವಳಿಯ ಸಭೆಗೆ ಈ ಚರ್ಚೆಗಳು ಹೊರಗಿನವಲ್ಲ. ಸುವಾರ್ತೆಯ ಅದ್ಭುತಗಳೆಲ್ಲ ಪುರಾಣದ ರೀತಿಯಲ್ಲಿ ಬೆಳೆದ ಕಥೆಗಳು ಎಂದು ಡೇವಿಡ್ ಸ್ಟ್ರೌಸ್ 1835ರಲ್ಲಿ ಬರೆದು ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಕೆಲಸ ಕಳೆದುಕೊಂಡರು. ಮಂಗಳೂರಿಗೆ ಬಂದು 1843ರಲ್ಲಿ "ಮಂಗಳೂರ ಸಮಾಚಾರ" ಪತ್ರಿಕೆ ಹೊರಡಿಸಿದ ಬಾಸೆಲ್ ಮಿಷನ್‌ನ ಮೋಗ್ಲಿಂಗ್ ದೇವಶಾಸ್ತ್ರ ಓದಿದ್ದು ಅದೇ ಟ್ಯೂಬಿಂಗನ್‌ನಲ್ಲಿ. ಅವರ ಗೆಳೆಯ, ಮಲಯಾಳಕ್ಕೆ ನಿಘಂಟು ಕೊಟ್ಟ ಗುಂಡರ್ಟ್, ಸ್ಟ್ರೌಸ್‌ನ ಶಿಷ್ಯನೇ ಆಗಿದ್ದವರು. ಈ ಪ್ರಶ್ನೆಗಳು ಕಾದಾಡುತ್ತಿದ್ದ ಊರಿನಿಂದಲೇ ಅವರು ಹಡಗು ಹತ್ತಿದರು. ಹಾಗಿರುವಾಗ ನಮ್ಮ ಮಕ್ಕಳು ಕೇಳಿದರೆ ನಾವು ಯಾಕೆ ಬೆಚ್ಚಬೇಕು?

ಈ ನಂಬಿಕೆಯ ಅರ್ಥವೇನು ಎಂಬುದಕ್ಕೂ ನಾನು ಆ ದಾಸಿಯರ ಕಡೆಗೇ ಹೋಗುತ್ತೇನೆ. ಶಿಲುಬೆ ಆಗ ಚಿನ್ನದ ಸರದಲ್ಲಿ ತೂಗುವ ವಸ್ತು ಆಗಿರಲಿಲ್ಲ. ದಾಸರನ್ನೂ ದಂಗೆಕೋರರನ್ನೂ ಬೆತ್ತಲೆ ಮಾಡಿ ತೂಗುಹಾಕುವ ಮರ ಅದು. ರೋಮಿನ ಪ್ಯಾಲಟೈನ್ ಗುಡ್ಡದ ಗೋಡೆಯೊಂದರ ಮೇಲೆ ಸುಮಾರು 200ನೇ ಇಸವಿಯ ಒಂದು ಗೀಚು 1857ರಲ್ಲಿ ಸಿಕ್ಕಿತು. ಶಿಲುಬೆಯ ಮೇಲೆ ಕತ್ತೆ ತಲೆಯ ಮನುಷ್ಯ, ಕೆಳಗೆ ಕೈಯೆತ್ತಿ ನಿಂತ ಒಬ್ಬ. ಅಲೆಕ್ಸಮೆನಸ್ ತನ್ನ ದೇವರನ್ನು ಆರಾಧಿಸುತ್ತಾನೆ ಎಂದು ಗ್ರೀಕಿನಲ್ಲಿ ಬರೆದಿದೆ. ಜೊತೆಯವರು ಅವನನ್ನು ಹಾಸ್ಯ ಮಾಡಿದ್ದಾರೆ. ಅದಕ್ಕೂ ಸ್ವಲ್ಪ ಹಿಂದೆ ಸೆಲ್ಸಸ್ ಎಂಬ ಪಂಡಿತ, ಉಣ್ಣೆ ಕೆಲಸದವರು, ಚಮ್ಮಾರರು, ಬಟ್ಟೆ ಒಗೆಯುವವರು ಈ ಧರ್ಮ ಹಬ್ಬಿಸುತ್ತಿದ್ದಾರೆ ಎಂದು ಬೈದಿದ್ದ. ಎದ್ದು ಬಂದವನನ್ನು ಕಂಡದ್ದು ಯಾರು, ಅರೆಹುಚ್ಚಿಯಾದ ಒಬ್ಬ ಹೆಂಗಸು ಎಂದೂ ಬರೆದಿದ್ದ.

ನನ್ನ ಅಜ್ಜಿ ಬಾಸೆಲ್ ಮಿಷನ್‌ನವರು ಶುರು ಮಾಡಿದ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವರು. ಸೆಲ್ಸಸ್‌ನ ಆ ಬೈಗುಳದಲ್ಲಿ ಅವರೂ ಇದ್ದಾರೆ ಎಂದು ನನಗೆ ಅನಿಸುತ್ತದೆ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಒಂದು ಉಪನ್ಯಾಸ ಕೊಟ್ಟರು. ದಲಿತ ದೇವಶಾಸ್ತ್ರ ಅಲ್ಲಿಂದ ದಾರಿ ಹಿಡಿಯಿತು. ಭಾರತದ ಕ್ರೈಸ್ತರಲ್ಲಿ ಹೆಚ್ಚಿನವರು ದಲಿತರು, ಆದರೆ ಇಲ್ಲಿನ ದೇವಶಾಸ್ತ್ರ ಮೇಲ್ಜಾತಿಯ ತತ್ವಚಿಂತನೆಯ ಜೊತೆಗೇ ಮಾತಾಡುತ್ತಾ ಬಂದಿದೆ ಎಂಬುದು ಅವರ ಆಕ್ಷೇಪ. ದೇವರು ದಾಸನ ರೂಪ ತೊಟ್ಟ ಎಂದು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯ ಹೇಳುತ್ತದಲ್ಲ, ಅದನ್ನು ಅವರು ಅಕ್ಷರಶಃ ತೆಗೆದುಕೊಂಡರು. ರಾಜಕೀಯ ಜಾಸ್ತಿಯಾಯಿತು, ಪಾಪಕ್ಷಮೆಯ ಮಾತು ಹಿಂದೆ ಬಿತ್ತು ಎಂದು ನಮ್ಮಲ್ಲೇ ಹಲವರು ದೂರುತ್ತಾರೆ. ನಾನು ನಿರ್ಮಲ್ ಅವರ ಕಡೆ. ಗೋಡೆಯ ಮೇಲಿನ ಆ ಗೀಚು ಹಾಸ್ಯ ಮಾಡಿದ್ದೂ ಇದನ್ನೇ. ದಾಸನ ಸಾವು ಸತ್ತವನನ್ನು ದೇವರೆಂದು ಕರೆದವರು ಇವರು, ಅಂತ.

ಮುಂದಿನ ತಿಂಗಳು ನಮ್ಮ ಸ್ತ್ರೀಯರ ಕೂಟದಲ್ಲಿ ಮಾರ್ಕ 16, 1 ಕೊರಿಂಥ 15, ಲೂಕ 24 ಮೂರನ್ನೂ ಒಟ್ಟಿಗೆ ಓದುತ್ತೇವೆ. ಲೂಕನಲ್ಲಿ ಹೆಂಗಸರು ಓಡಿಬಂದು ಹೇಳಿದಾಗ ಅಪೊಸ್ತಲರು ಅದನ್ನು ಬರೀ ಹರಟೆ ಎಂದುಕೊಂಡು ನಂಬಲಿಲ್ಲ. 11ನೇ ವಚನ. ಸಭಾಪಾಲಕರು ಬರಲು ಒಪ್ಪಿದ್ದಾರೆ, ಯುವಕರನ್ನೂ ಕರೆದಿದ್ದೇವೆ. ಲ್ಯೂಡಮನ್ ಹೇಳಿದ್ದೇ ಸರಿ ಎನ್ನುವವರಿದ್ದರೆ ಅವರೂ ಬರಲಿ, ಆ ವಾದವನ್ನು ಪೂರ್ತಿಯಾಗಿ ಮುಂದಿಡಲು ಅವರಿಗೆ ಸಮಯ ಇಟ್ಟಿದ್ದೇವೆ.