ಕ್ಯೋಲುರ್ ದಾರಿಯಲ್ಲಿ ಕುದುರೆ ಹಿಂಡಿನ ಜೊತೆ

ಮೊದಲೇ ಒಂದು ಮಾತು: ಐಸ್‌ಲ್ಯಾಂಡಿನ ಕುದುರೆಯನ್ನು ಅಲ್ಲಿಯವರ ಎದುರು ‘ಪೋನಿ’ ಅನ್ನಬೇಡಿ. ಭುಜದ ಎತ್ತರ 135ರಿಂದ 145 ಸೆಂ.ಮೀ. ಇರಬಹುದು, ತೂಕ 350 ಕಿಲೋ ಆಸುಪಾಸು. ಆದರೂ ಅದು ಕುದುರೆಯೇ.

ಅಲ್ಲಿನ ಒಳನಾಡಿನ ಕುದುರೆ ಸವಾರಿ ಪ್ರವಾಸಗಳಲ್ಲಿ ಹೆಸರಾದದ್ದು ಕ್ಯೋಲುರ್. ಲಾಂಗ್‌ಯೋಕುಲ್, ಹೋಫ್ಸ್‌ಯೋಕುಲ್ ಎಂಬ ಎರಡು ಹಿಮನದಿಗಳ ನಡುವೆ ದಕ್ಷಿಣದಿಂದ ಉತ್ತರಕ್ಕೆ ಹಾಯುವ ಹಳೆಯ ಕುದುರೆ ಹಾದಿ. ಆರೇಳು ದಿನದ ಪಯಣ, ದಿನಕ್ಕೆ 30-40 ಕಿ.ಮೀ. ಇಷ್ಟು ದೂರ ಒಂದೇ ಕುದುರೆ ಒಬ್ಬರನ್ನು ಹೊತ್ತು ದಿನವೂ ನಡೆಯಲಾರದು. ಹಾಗಾಗಿ ಒಬ್ಬ ಸವಾರನಿಗೆ ಮೂರು-ನಾಲ್ಕು ಕುದುರೆಗಳ ಲೆಕ್ಕ. ಹದಿನೈದು ಜನ ಹೊರಟರೆ ಜೀನಿಲ್ಲದ ಮೂವತ್ತೋ ನಲವತ್ತೋ ಕುದುರೆಗಳು ಬಿಡುಬೀಸಾಗಿ ಜೊತೆಗೆ ಓಡುತ್ತವೆ. ಮುಂದೆ ದಾರಿ ಬಲ್ಲವರು, ಹಿಂದೆ ಹಿಂಡು ತರುಬುವವರು. ಮುಂದಿನವರನ್ನು ಎಂದೂ ದಾಟಬಾರದು; ನೀವು ದಾಟಿದರೆ ಬಿಟ್ಟ ಕುದುರೆಗಳೂ ದಾಟುತ್ತವೆ. ಒಂದು ಕುದುರೆ ಹುಲ್ಲಿನ ಆಸೆಗೆ ಪಕ್ಕಕ್ಕೆ ಸರಿದರೆ ಅದರ ಬೆನ್ನಟ್ಟಬೇಡಿ. ಅಟ್ಟಿದಷ್ಟೂ ದೂರ ಓಡುತ್ತದೆ, ಉಳಿದವೂ ಅದರ ಹಿಂದೆ ಹೊರಡುತ್ತವೆ. ಹೊರಗಿನಿಂದ ಬಳಸಿ ಬಂದು ತಿರುಗಿಸುವುದು ಮಾರ್ಗದರ್ಶಿಗಳ ಕೆಲಸ.

ನನ್ನ ಪ್ರಕಾರ ಈ ಪ್ರವಾಸದ ನಿಜವಾದ ಪರೀಕ್ಷೆ ಸವಾರಿಯಲ್ಲಿಲ್ಲ, ಕುದುರೆ ಬದಲಿಸುವುದರಲ್ಲಿದೆ. ದಿನಕ್ಕೆ ಎರಡು-ಮೂರು ಸಲ ಬಯಲಲ್ಲೇ ನಿಲ್ಲಬೇಕು. ಬೇಲಿ ಇಲ್ಲದ ಕಡೆ ಎಲ್ಲರೂ ಒಂದು ಉದ್ದ ಹಗ್ಗ ಹಿಡಿದು ಸುತ್ತ ನಿಲ್ಲುತ್ತಾರೆ, ಅದೇ ದೊಡ್ಡಿ. ಕುದುರೆ ಮನಸ್ಸು ಮಾಡಿದರೆ ಆ ಹಗ್ಗ ಏನೇನೂ ಅಲ್ಲ. ಅದಕ್ಕೇ ಹಗ್ಗ ಎದೆಮಟ್ಟಕ್ಕಿರಲಿ, ಜೋಲು ಬೀಳದಿರಲಿ, ಕೈಗೆ ಸುತ್ತಿಕೊಳ್ಳಬೇಡಿ, ಆ ಹೊತ್ತಲ್ಲಿ ಫೋಟೋ ಬೇಡವೇ ಬೇಡ. ನಿಮ್ಮ ಕುದುರೆ ಕೈಗೆ ಬಂದ ಮೇಲೆ ಜೀನು ಕೂರುವ ಜಾಗವನ್ನೂ ಹೊಟ್ಟೆಪಟ್ಟಿ ಹಾಯುವ ಜಾಗವನ್ನೂ ಅಂಗೈಯಿಂದ ಸವರಿ ನೋಡಿ. ಅಲ್ಲಿನ ಜ್ವಾಲಾಮುಖಿ ಮರಳು ಕೂದಲಲ್ಲಿ ಸಿಕ್ಕಿಕೊಂಡಿರುತ್ತದೆ. ಒಂದು ಚಿಟಿಕೆ ಉಳಿದರೂ ಸಂಜೆಯ ಹೊತ್ತಿಗೆ ಚರ್ಮ ಉಜ್ಜಿ ಹುಣ್ಣಾಗಿ, ಆ ಕುದುರೆಗೆ ಮುಂದೆ ಜೀನು ಹಾಕುವಂತಿಲ್ಲ. ಪಟ್ಟಿ ಬಿಗಿದು ಹತ್ತಿ, ಹತ್ತು ನಿಮಿಷ ನಡೆಸಿ ಮತ್ತೆ ಬಿಗಿಯಿರಿ. ಮೊದಲು ಹೊಟ್ಟೆ ಉಬ್ಬಿಸಿ ನಿಂತ ಕುದುರೆ ಅಷ್ಟರಲ್ಲಿ ಉಸಿರು ಬಿಟ್ಟಿರುತ್ತದೆ, ಪಟ್ಟಿ ಸಡಿಲಾಗಿರುತ್ತದೆ.

ಇನ್ನು ಟೋಲ್ಟ್. ಯಾವುದಾದರೂ ಒಂದು ಗೊರಸು ಸದಾ ನೆಲದ ಮೇಲಿರುವ ನಾಲ್ಕು ತಾಳದ ನಡೆ ಇದು. ಸವಾರ ಕುಲುಕುವುದಿಲ್ಲ. ನಮ್ಮ ಕಡೆಯ ರೈಡಿಂಗ್ ಶಾಲೆಗಳಲ್ಲಿ ಕಲಿತವರು ರಿಕಾಪಿನ ಮೇಲೆ ಎದ್ದು ಕೂತು ಮಾಡುತ್ತಾರೆ. ಇಲ್ಲಿ ಅದು ಬೇಡ, ಜೀನಿಗೆ ಅಂಟಿ ಕೂರಬೇಕು. ತಾಳ ಕೆಟ್ಟರೆ ಕುದುರೆ ಒಂದು ಪಕ್ಕದ ಎರಡೂ ಕಾಲನ್ನು ಒಟ್ಟಿಗೆ ಎತ್ತಿಹಾಕುತ್ತ ನಿಮ್ಮನ್ನು ಎಡಕ್ಕೂ ಬಲಕ್ಕೂ ತೂಗಾಡಿಸುತ್ತದೆ. ಆಗ ವೇಗ ಹೆಚ್ಚಿಸಿದರೆ ಇನ್ನಷ್ಟು ಕೆಡುತ್ತದೆ. ನಡಿಗೆಗೆ ಇಳಿಸಿ ಮತ್ತೆ ಮೊದಲಿನಿಂದ ಹೊರಡಿಸಿ.

ಹಿಮನದಿಯಿಂದ ಬರುವ ಹೊಳೆಗಳು ಮಧ್ಯಾಹ್ನದ ಮೇಲೆ ಏರುತ್ತವೆ, ಬಿಸಿಲಿಗೆ ಮಂಜು ಕರಗುವುದರಿಂದ. ಬೆಳಿಗ್ಗೆ ಮೊಣಕಾಲಷ್ಟಿದ್ದದ್ದು ಸಂಜೆಗೆ ಕುದುರೆಯ ಹೊಟ್ಟೆ ಮುಟ್ಟಬಹುದು. ದಾಟುವಾಗ ಕಣ್ಣು ಆಚೆ ದಡದ ಮೇಲಿರಲಿ. ಹರಿಯುವ ನೀರು ನೋಡಿದರೆ ತಲೆ ತಿರುಗುತ್ತದೆ, ಮೈ ಹೊಳೆ ಹರಿಯುವ ಕಡೆ ವಾಲುತ್ತದೆ, ಕುದುರೆಯೂ ಅತ್ತಲೇ ಜಾರುತ್ತದೆ. ಲಗಾಮು ಸಡಿಲ ಬಿಡಿ, ಕಲ್ಲುಗಳ ನಡುವೆ ಹೆಜ್ಜೆ ಇಡುವುದನ್ನು ಅದು ನಿಮಗಿಂತ ಚೆನ್ನಾಗಿ ಬಲ್ಲದು.

ಪ್ರವಾಸಗಳೆಲ್ಲ ಬೇಸಿಗೆಯಲ್ಲೇ. 1780ರ ಶರತ್ಕಾಲದ ಕೊನೆಯಲ್ಲಿ ಇದೇ ದಾರಿಯಲ್ಲಿ ಕುರಿಗಳನ್ನು ಹೊಡೆದುಕೊಂಡು ಹೊರಟ ರೇನಿಸ್ತಾದುರ್ ಮನೆಯ ಅಣ್ಣತಮ್ಮಂದಿರೂ ಜೊತೆಗಿದ್ದವರೂ ಹಿಮದಲ್ಲಿ ಸತ್ತರು. ಆ ಜಾಗವನ್ನು ಇಂದಿಗೂ ಮೂಳೆಗುಡ್ಡ ಎಂಬರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಜುಲೈನಲ್ಲೂ ಒಂದೇ ದಿನದಲ್ಲಿ ಬಿಸಿಲು, ಮಳೆ, ಕೊರೆಯುವ ಗಾಳಿ ಮೂರೂ ಬರುತ್ತವೆ. ಮೈಗೆ ತಾಗುವಲ್ಲಿ ಹತ್ತಿ ಬೇಡ, ಉಣ್ಣೆ ಇರಲಿ. ಒಳಗೆ ದಪ್ಪ ಹೊಲಿಗೆ ಇಲ್ಲದ ಬಿಗಿ ಪ್ಯಾಂಟು ಬೇಕು, ಜೀನ್ಸ್ ಹಾಕಿದವರ ತೊಡೆ ಎರಡನೇ ದಿನಕ್ಕೇ ಕಿತ್ತಿರುತ್ತದೆ. ಒಣಹವೆಯಲ್ಲಿ ಹಿಂಡಿನ ಹಿಂದೆ ಇರುವವರಿಗೆ ಧೂಳೋ ಧೂಳು, ಮೂಗು ಬಾಯಿ ಮುಚ್ಚಲು ಬಟ್ಟೆ ಬೇಕೇ ಬೇಕು. ಸವಾರರ ತೂಕಕ್ಕೂ ಮಿತಿ ಇರುತ್ತದೆ, ಬುಕ್ ಮಾಡುವಾಗಲೇ ಸರಿಯಾದ ತೂಕ ಹೇಳಿಬಿಡಿ. ಮಾಂಸ, ಮೀನು ತಿನ್ನದವರು ಅದನ್ನೂ ಆಗಲೇ ಹೇಳಬೇಕು. ರಾತ್ರಿ ತಂಗುವ ಗುಡಿಸಲಲ್ಲಿ ಅಡುಗೆ ಒಂದೇ ಪಾತ್ರೆಯದು.

ಕೊನೆಯದಾಗಿ, ಬಳಸಿದ ಜೀನು, ಕಡಿವಾಣ, ಚರ್ಮದ ಕೈಗವಸು ಒಯ್ಯಲೇಬೇಡಿ, ದೇಶದೊಳಕ್ಕೆ ಬಿಡುವುದಿಲ್ಲ. ಬಳಸಿದ ಸವಾರಿ ಬಟ್ಟೆ, ಬೂಟುಗಳನ್ನು ತೊಳೆದು ಸೋಂಕು ತೆಗೆದು ಒಣಗಿಸಿಯೇ ಒಯ್ಯಬೇಕು. ಹೊರಗಿನ ಕುದುರೆಗಳನ್ನು ಶತಮಾನಗಳಿಂದ ಒಳಗೆ ಬಿಡದ ದ್ವೀಪ ಅದು. ಅಲ್ಲಿಂದ ಹೊರಗೆ ಹೋದ ಕುದುರೆಯೂ ಮರಳಿ ಬರುವಂತಿಲ್ಲ. ಹಾಗಾಗಿ ಬೇರೆಡೆಯ ಎಷ್ಟೋ ರೋಗಗಳನ್ನು ಎದುರಿಸುವ ಶಕ್ತಿ ಅಲ್ಲಿನ ಕುದುರೆಗಳಿಗಿಲ್ಲ. 2010ರಲ್ಲಿ ಒಂದು ಕೆಮ್ಮು ದೇಶದ ಕುದುರೆಗಳಿಗೆಲ್ಲ ಹಬ್ಬಿ, ಆ ವರ್ಷದ ರಾಷ್ಟ್ರೀಯ ಕುದುರೆ ಮೇಳವನ್ನೇ 2011ಕ್ಕೆ ಮುಂದೂಡಬೇಕಾಯಿತು.