ಸಿಎಚ್ 601 ಪ್ರಗತಿ: ಬಿಸಿಯಾದರೆ ಸೊರಗುವ ಎಂಜಿನ್, ಕೊನೆಗೂ ಸಿಕ್ಕ ಕಳ್ಳ

ಕಳ್ಳ ಕಾರ್ಬ್ಯುರೇಟರಲ್ಲಿ ಇರಲಿಲ್ಲ, ಇಗ್ನಿಷನ್‌ನಲ್ಲೂ ಇರಲಿಲ್ಲ. ಪೆಟ್ರೋಲ್ ಪೈಪಿನೊಳಗೆ ಆವಿಯಾಗಿ ಕೂತಿದ್ದ. ವಿಮಾನ ಝೆನಿತ್ ಸಿಎಚ್ 601, ಕಿಟ್ ತಂದು ನಾವೇ ಜೋಡಿಸುವ ಎರಡು ಸೀಟಿನ ಪುಟ್ಟ ವಿಮಾನ. ಎಂಜಿನ್ ರೋಟಾಕ್ಸ್ 912 ಯುಎಲ್‌ಎಸ್. ರೆಕ್ಕೆಯ ಅಪ್‌ಗ್ರೇಡ್, ವೈರಿಂಗ್, ಕೌಲಿಂಗ್ (ಎಂಜಿನ್ ಹೊದಿಕೆ) ಎಲ್ಲ ಮುಗಿದಿದೆ, ಅದರ ಪುರಾಣ ಬೇಡ.

ಲಕ್ಷಣ ಹೀಗಿತ್ತು. ತಣ್ಣಗಿದ್ದಾಗ ಫುಲ್ ಥ್ರಾಟಲ್‌ಗೂ ಒಂದು ಗೊಣಗಾಟವಿಲ್ಲ. ಬಿಸಿ ಎಂಜಿನ್ ಆಫ್ ಮಾಡಿ ಬಿಸಿಲಲ್ಲಿ ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದರೆ ಐಡಲ್ ಸರಿ, ನೆಲದ ಮೇಲೆ ಓಡಿಸುವ ಟ್ಯಾಕ್ಸಿಯೂ ಸರಿ. ಥ್ರಾಟಲ್ ಪೂರ್ತಿ ಕೊಟ್ಟ ಸ್ವಲ್ಪ ಹೊತ್ತಿಗೆ ಆರ್‌ಪಿಎಂ ಜಾರಲು ಶುರು. ಭಯ ಇರುವುದು ಆ 'ಸ್ವಲ್ಪ ಹೊತ್ತಿ'ನಲ್ಲೇ: ಫ್ಲೋಟ್ ಬೌಲ್‌ನಲ್ಲಿ (ಕಾರ್ಬ್ಯುರೇಟರಿನ ಪೆಟ್ರೋಲ್ ಬಟ್ಟಲು) ಉಳಿದ ಪೆಟ್ರೋಲ್ ನಿಮ್ಮನ್ನು ನೆಲದಿಂದ ಎಬ್ಬಿಸುತ್ತದೆ, ಮರದ ತುದಿಯ ಎತ್ತರದಲ್ಲಿ ಕೈಕೊಡುತ್ತದೆ. ಪೂರ್ತಿ ನಿಂತ ಎಂಜಿನ್‌ಗಿಂತ ಅರ್ಧ ಸತ್ತ ಎಂಜಿನ್ ಕೆಟ್ಟದ್ದು, ರನ್‌ವೇಗೆ ತಿರುಗಿ ಬರಬಹುದು ಎಂಬ ಆಸೆ ಹುಟ್ಟಿಸುತ್ತದೆ. ಆ ಎತ್ತರದಲ್ಲಿ ಮೂತಿ ಇಳಿಸಿ, ವೇಗ ಉಳಿಸಿಕೊಂಡು, ಎದುರಿಗೆ ಸಿಕ್ಕ ಬಯಲಿಗೇ ಇಳಿಯುವುದು.

ಮೊದಲು ಕಾರ್ಬ್ ಬಿಚ್ಚಿ ತೊಳೆದಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಸುಳಿವು ಕೊಟ್ಟಿದ್ದು ಪೆಟ್ರೋಲಿನ ಪ್ರೆಶರ್ ಗೇಜ್. 0.3 ಬಾರ್ ಇದ್ದದ್ದು 0.15ರ ಕೆಳಗಿಳಿಯಿತು, ಮುಳ್ಳು ನಡುಗುತ್ತಿತ್ತು. ಫಿಲ್ಟರ್ ಕಟ್ಟಿದ್ದರೆ ತಣ್ಣಗಿರುವಾಗಲೂ ಇಳಿಯಬೇಕು, ಇಳಿದರೂ ಮುಳ್ಳು ಹೀಗೆ ನಡುಗುವುದಿಲ್ಲ. ನಡುಗಿಸಿದ್ದು ಆವಿಯ ಗುಳ್ಳೆ.

ಫ್ಯೂಯೆಲ್ ಫ್ಲೋ ಟೆಸ್ಟ್ ಪಾಸಾಗಿತ್ತಲ್ಲ ಅಂತ ಕೇಳಬಹುದು. ಟೇಕಾಫ್‌ಗೆ ಗಂಟೆಗೆ ಸುಮಾರು 27 ಲೀಟರ್ ಬೇಕು. ಪಂಪ್ ವ್ಯವಸ್ಥೆಯಾದರೆ ಟೆಸ್ಟ್‌ನಲ್ಲಿ ಅದರ 125 ಶೇಕಡಾ ಹರಿಯಬೇಕು, ಅಂದರೆ ನಿಮಿಷಕ್ಕೆ 565 ಮಿ.ಲೀ. ಆಸುಪಾಸು. ಮೂತಿ ಎತ್ತಿಟ್ಟು ಅಳೆದಾಗ ಬಂದಿತ್ತು. ಆದರೆ ಅದು ಬೆಳಗಿನ ತಣ್ಣನೆಯ ಪೆಟ್ರೋಲ್.

ನಮ್ಮ 601ರಲ್ಲಿ ಟ್ಯಾಂಕ್ ರೆಕ್ಕೆಯಲ್ಲಿ, ಅಂದರೆ ಎಂಜಿನ್‌ಗಿಂತ ಕೆಳಗೆ. ಎಂಜಿನ್ ಪಂಪ್ ಮೇಲಕ್ಕೆ ಹೀರಬೇಕು, ಹೀರುವ ಪೈಪಿನಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಒತ್ತಡ ಇಳಿದಷ್ಟೂ ಪೆಟ್ರೋಲ್ ಬೇಗ ಕುದಿಯುತ್ತದೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿರುವುದರಿಂದ ಆ ಗಾಳಿಯೂ ಸುಮಾರು 910 ಹೆಕ್ಟೋಪಾಸ್ಕಲ್ ಅಷ್ಟೇ. ಸಾಲದ್ದಕ್ಕೆ ಗ್ಯಾಸ್ಕೊಲೇಟರ್ (ಪೆಟ್ರೋಲಿನ ನೀರು, ಕಸ ಹಿಡಿಯುವ ಬಟ್ಟಲು) ಎಕ್ಸಾಸ್ಟ್ ಪಕ್ಕ, ಅದರ ಮುಂದೆ 90 ಡಿಗ್ರಿ ಎಲ್ಬೋ. ಕುದಿಯಲು ಇನ್ನೇನು ಬೇಕು?

ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆ ಎಂಬ ಪರೀಕ್ಷೆಯನ್ನೂ ಮಾಡಿ. 100 ಮಿ.ಲೀ. ಅಳತೆ ಜಾಡಿಗೆ 10 ಮಿ.ಲೀ. ನೀರು, 90 ಪೆಟ್ರೋಲ್, ಕುಲುಕಿ ಬಿಡಿ. ಎಥನಾಲ್ ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ತಳದ ಪದರ 28ರ ಹತ್ತಿರ ನಿಂತರೆ ಅದು ಇ20, ಅಂದರೆ 20 ಶೇಕಡಾ ಎಥನಾಲ್. ರೋಟಾಕ್ಸ್ ಒಪ್ಪುವುದು 10 ಶೇಕಡಾ ಎಥನಾಲ್ ತನಕ. ವಿಮಾನದ ಪೆಟ್ರೋಲ್ ಆದ ಆವ್‌ಗ್ಯಾಸ್ 100ಎಲ್‌ಎಲ್‌ಗೆ ಆವಿಯ ಒತ್ತಡ 38ರಿಂದ 49 ಕಿಲೋಪಾಸ್ಕಲ್ ಮಾತ್ರ, ಸುಲಭಕ್ಕೆ ಆವಿಯಾಗುವುದಿಲ್ಲ, ಬೇಸಿಗೆಗೆ ಅದೇ ಲೇಸು. ಆದರೆ ಸೀಸ ಇದೆ, ಆಯಿಲ್ ಬೇಗ ಬದಲಿಸಬೇಕು.

ದುರಸ್ತಿ: ಎಲೆಕ್ಟ್ರಿಕ್ ಪಂಪ್ ಈಗ ಟ್ಯಾಂಕಿನ ಬುಡದಲ್ಲಿದೆ. ಪಂಪ್ ತಳ್ಳುವುದರಲ್ಲಿ ಗಟ್ಟಿ, ಹೀರುವುದರಲ್ಲಿ ಸೋಮಾರಿ. ಗ್ಯಾಸ್ಕೊಲೇಟರ್ ಎಕ್ಸಾಸ್ಟ್‌ನಿಂದ ದೂರ ಹೋಯಿತು, ಎಲ್ಬೋ ಕಸಕ್ಕೆ, ಪೈಪಿಗೆ ಫೈರ್‌ಸ್ಲೀವ್ (ಬಿಸಿ, ಬೆಂಕಿ ತಡೆಯುವ ಕವಚ). ಎರಡೂ ಪಂಪ್ ಓಡುವಾಗ 0.4 ಬಾರ್ ದಾಟಬಾರದು (ಹೊಸ ಮಾದರಿ ಪಂಪಿಗೆ 0.5), ದಾಟಿದರೆ ಬೌಲ್‌ಗೆ ಪೆಟ್ರೋಲ್ ತಡೆಯುವ ನೀಡಲ್ ವಾಲ್ವ್ ಸೋತು ಬೌಲ್ ಉಕ್ಕುತ್ತದೆ. ಸಪ್ಲೈಯರ್ ಮಹಾಶಯ ಮೊದಲು 7 ಪಿಎಸ್‌ಐ, ಅಂದರೆ 0.48 ಬಾರ್ ಪಂಪ್ ಕಳಿಸಿದ. ಹೆಚ್ಚು ಒತ್ತಡ ತಾಳುವ ಜೆ30ಆರ್9 ದರ್ಜೆಯ ಪೆಟ್ರೋಲ್ ಹೋಸ್ ಕೇಳಿದರೆ ಕೆಳ ದರ್ಜೆಯ ಆರ್6 ಬಂತು, 'ಎರಡೂ ಕಪ್ಪಗೇ ಇವೆ ಸಾರ್' ಅನ್ನುವ ವಿವರಣೆ ಸಮೇತ.

ರಿಟರ್ನ್ ಲೈನ್ ತಪ್ಪಿಸಬೇಡಿ. 0.35 ಮಿ.ಮೀ. ಜೆಟ್ (ಸಣ್ಣ ರಂಧ್ರ) ಮೂಲಕ ಆವಿ ಟ್ಯಾಂಕಿಗೆ ವಾಪಸ್ಸು ಹೋಗಬೇಕು, ಹೀರುವ ಪೈಪಿಗಲ್ಲ. ನಮ್ಮದು ಎಡ ಟ್ಯಾಂಕಿಗೆ ಹೋಗುತ್ತದೆ. ಹಾಗಾಗಿ ಮೊದಲು ಎಡದ್ದನ್ನೇ ಖಾಲಿ ಮಾಡಬೇಕು, ಇಲ್ಲದಿದ್ದರೆ ತುಂಬಿದ ಟ್ಯಾಂಕಿನ ವೆಂಟ್‌ನಿಂದ ಪೆಟ್ರೋಲ್ ಹೊರಗೆ.

ಅಂದ ಹಾಗೆ, ಮುಂದಿನ ಆಟಿಕೆ: ಆರ್ಡುಯಿನೋ (ಪುಟ್ಟ ಕಂಪ್ಯೂಟರ್ ಬೋರ್ಡ್), 1 ಬಾರ್ ಒತ್ತಡದ ಸೆನ್ಸರ್, ಪಂಪಿನ ಹಿಂದೆ ಮುಂದೆ ಬಿಸಿ ಅಳೆಯುವ ಎರಡು ಥರ್ಮಿಸ್ಟರ್, ಎಸ್‌ಡಿ ಕಾರ್ಡ್. ಮುಳ್ಳು ನಡುಗಿದ್ದು ಕಣ್ಣಿಗೆ ಬೀಳದಿದ್ದರೂ ಕಾರ್ಡಿನಲ್ಲಿ ಉಳಿಯುತ್ತದೆ.

ಈಗ ಬಿಸಿಲಿನ ಬಿಡುವಿನ ನಂತರವೂ ಫುಲ್ ಥ್ರಾಟಲ್‌ನಲ್ಲಿ 0.28 ಬಾರ್, ಮುಳ್ಳು ಅಲ್ಲಾಡುವುದಿಲ್ಲ. ಹಾರಾಟಕ್ಕೆ ಮುನ್ನ ಬೌಲ್‌ನಲ್ಲಿ ತೇಲುವ ಫ್ಲೋಟ್‌ಗಳನ್ನು ತೂಗುವುದು ಬಾಕಿ: ಒಂದು ಕಾರ್ಬಿನ ಜೋಡಿ 7 ಗ್ರಾಂ ದಾಟಿದರೆ ಪೆಟ್ರೋಲ್ ಕುಡಿದಿವೆ ಎಂದರ್ಥ, ಬದಲಿಸಬೇಕು.